ಎಡಪಕ್ಕೆಯ ಮೇಲಿಟ್ಟ ಕೈ

"ಉಸಿರು ಪೂರ್ತಿ ಬಿಡಿ" ಎಂದಳು ಅವಳು.

ಮೇಜಿನ ಮೇಲೆ ಅಂಗಾತ ಮಲಗಿದ್ದವನು ಬಿಟ್ಟ. ಅವನ ತೆಳು ಬನಿಯನ್ನಿನ ಮೇಲೆ, ಎಡಪಕ್ಕೆಲುಬಿನ ಕೆಳಗೆ ಅವಳ ಬಲಗೈ ಇತ್ತು. ಎಡಗೈ ಅವನ ಬೆನ್ನಿನಡಿಗೆ. ಎರಡು ಅಂಗೈಗಳ ನಡುವೆ ಒಬ್ಬ ಅಪರಿಚಿತ ಗಂಡಸಿನ ಹೊಟ್ಟೆ ಏರಿ ಇಳಿಯುತ್ತಿತ್ತು.

"ಕೈ ತಣ್ಣಗಿದೆ" ಎಂದ ಅವನು, ಅವಳಿಗಷ್ಟೇ ಕೇಳುವಂತೆ.

"ಅಯ್ಯೋ, ಸಾರಿ... ತೆಗೀಲಾ?"

"ಬೇಡ. ಇರ್ಲಿ."

ಎಷ್ಟು ಚಿಕ್ಕ ಮಾತು ನೋಡಿ. ಆದರೆ ಅವಳಿಗೆ ಅದು ಅಂಗೈಯಿಂದ ಎದೆಯವರೆಗೂ ಹರಿಯಿತು. ಗಂಡ ಬಿಟ್ಟುಹೋದ ಮೇಲೆ ಅವಳ ಕೈಗೆ ಯಾರೂ 'ಇರ್ಲಿ' ಎಂದಿರಲಿಲ್ಲ. ಅವನಿರುವಾಗಲಂತೂ ಆ ಮಾತೇ ಕೇಳಿರಲಿಲ್ಲ.

ಅದು ಬಟ್ಟೆ ಗೋದಾಮಿನ ಮೇಲಿನ ಮಹಡಿ. ಸಾಲಾಗಿ ಮೇಜುಗಳು, ಗೋಡೆಯ ಮೇಲೆ ಕರುಳು, ಪಿತ್ತಕೋಶಗಳ ದೊಡ್ಡ ಚಿತ್ರ, ಕಿಟಕಿಯ ಪಕ್ಕ ಬಿಚ್ಚಿ ಜೋಡಿಸಬಹುದಾದ ಪ್ಲಾಸ್ಟಿಕ್ ಮುಂಡ. ದೇಹದ ಒಳಗಿನ ಅಂಗಗಳನ್ನು ಹೊರಗಿನಿಂದ ಬರಿಗೈಯಲ್ಲೇ ತಿಳಿದು, ಬಿಗಿದುಕೊಂಡದ್ದನ್ನು ಹಗುರವಾಗಿ ಸಡಿಲಿಸುವ ವಿದ್ಯೆಯನ್ನು ಇಲ್ಲಿ ಕಲಿಸುತ್ತಿದ್ದರು. ಕಾಲು, ಭುಜ ಒತ್ತುವವರು ಬೀದಿಗೊಬ್ಬರು ಸಿಗುತ್ತಾರೆ. ಹೊಟ್ಟೆ ಮುಟ್ಟಬಲ್ಲವರು ಅಪರೂಪ.

ಕಲಿಸುವವರನ್ನು ಎಲ್ಲರೂ ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಕತ್ತರಿ ಮೇಡಂ. ಬಾಯಿ ತೆರೆದರೆ ಯಾರದ್ದಾದರೂ ಏನಾದರೂ ಕತ್ತರಿಸಿ ಬೀಳಲೇಬೇಕು. ಮೊದಲ ತರಗತಿಯಲ್ಲೇ ಇವಳ ಕೈ ನೋಡಿ, "ಇದು ಹೊಟ್ಟೆ, ಹಿಟ್ಟಲ್ಲ. ಯಾಕೆ ನಾದ್ತೀಯ?" ಎಂದಿದ್ದರು. ಅಲ್ಲಿಂದ ಇವಳು ಹಿಟ್ಟಿನಮ್ಮ. ಜಿಮ್ಮೊಂದರಲ್ಲಿ ದಿನವಿಡೀ ಹೋರಿಯಂಥ ಗಂಡಸರ ಭುಜ ಒತ್ತಿ ಬದುಕುವವಳ ಕೈ ನಾದದೆ ಇನ್ನೇನು ಮಾಡೀತು?

"ಏ ಹಿಟ್ಟಿನಮ್ಮ, ಎಡ ಕಿಡ್ನಿ ಸಿಕ್ತಾ?"

ಉಳಿದ ಮೇಜುಗಳಲ್ಲಿ ಎಲ್ಲರಿಗೂ ಸಿಕ್ಕಿಯಾಗಿತ್ತು. ಜೊತೆಗೆ ಕಲಿಯುತ್ತಿದ್ದ ಶಾಲೆಯ ಪೀಟಿ ಮೇಷ್ಟ್ರಿಗೂ ಸಿಕ್ಕಿತ್ತು. ಜೊತೆಗಾರರಿಲ್ಲದೆ ಉಳಿದಿದ್ದ ಇವಳಿಗಾಗಿಯೇ ಮೇಡಂ ಕೆಳಗಿನಿಂದ ಈ ಗಂಡಸನ್ನು ಕೂಗಿ ಕರೆಸಿ ಮಲಗಿಸಿದ್ದರು. ಅವಳು ಕಣ್ಣು ಮುಚ್ಚಿದಳು. ಕೈಯಡಿ ಏನೋ ಇತ್ತು... ಉಸಿರಿನೊಂದಿಗೆ ಏನೋ ಜಾರಿ ಬರುತ್ತಿತ್ತು.

"ಸಿಕ್ತು ಮೇಡಂ."

"ಹೇಗಿದೆ?"

"ಮುಷ್ಟಿಯಷ್ಟಿದೆ. ಉಸಿರು ಎಳ್ಕೊಂಡಾಗ ಕೆಳಗೆ ಜಾರುತ್ತೆ, ಬಿಟ್ಟಾಗ ಮೇಲೆ ಹೋಗುತ್ತೆ."

"ಮೆತ್ತಗಾ, ಗಟ್ಟಿನಾ?"

"ಸ್ವಲ್ಪ ಗಟ್ಟಿ." ಪಾಠದಲ್ಲಿ ಹಾಗೇ ಇತ್ತು.

"ಎಲ್ಲರೂ ಬನ್ನಿ ಇಲ್ಲಿ. ಹಿಟ್ಟಿನಮ್ಮನ ಕೈ ನೋಡಿ ಕಲೀರಿ."

ಅವಳ ಕಿವಿ ಬಿಸಿಯಾಯಿತು. ಹೆಮ್ಮೆಯಿಂದ, ಪಾಪ. ಆ ಹೊತ್ತಿಗೇ ಅಂಗೈಯ ಕೆಳಗಿನ ಹೊಟ್ಟೆ ಹಲಗೆಯಂತೆ ಬಿಗಿಯಿತು. ಯಾಕೆ ಬಿಗಿಯಿತೆಂದು ಅವಳಿಗೆ ತಿಳಿಯಲಿಲ್ಲ.

"ತಮ್ಮಾ, ನೀನೇ ಹೇಳಪ್ಪ" ಎಂದರು ಮೇಡಂ.

ಮಲಗಿದ್ದವನು ಚಾವಣಿ ನೋಡಿದ. "ನಂಗೆ ಎಡಗಡೆ ಕಿಡ್ನಿ ಇಲ್ಲ. ತೆಗ್ಸಿ ತುಂಬಾ ವರ್ಷ ಆಯ್ತು."

ಪೀಟಿ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಹಿಂದೆ ಇಡೀ ಕೋಣೆ ನಕ್ಕಿತು.

"ನನ್ನ ಸ್ವಂತ ತಮ್ಮ ಇವನು. ಪ್ರತಿ ಬ್ಯಾಚಲ್ಲೂ ಒಬ್ರು ಬಿದ್ದೇ ಬೀಳ್ತಾರೆ. ಇಲ್ಲದ್ದನ್ನ ಇದೆ ಅನ್ನೋ ಕೈ, ಇರೋ ರೋಗಾನ ಇಲ್ಲ ಅನ್ನುತ್ತೆ. ಕೈ ತೆಗಿ ಅವನ ಮೇಲಿಂದ" ಎಂದರು ಮೇಡಂ.

ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಇವಳ ಮಾನ ಹೋದದ್ದು ಇಲ್ಲದ ಕಿಡ್ನಿಗೆ. ನೆಲ ಬಾಯಿಬಿಡಬಾರದೇ ಎಂದುಕೊಳ್ಳುತ್ತ ಅವಳು ಮೆಟ್ಟಿಲಿನತ್ತ ಓಡಿದಳು.

ಅವಳ ಕಿವಿಯಲ್ಲಿ ಇದ್ದದ್ದು ಮೇಡಂ ದನಿಯಲ್ಲ, ಗಂಡನದು. 'ನಿನ್ನ ಕೈ ಸೋಕಿದ್ರೆ ಕೊರಡು ಸೋಕಿದ ಹಾಗಿರುತ್ತೆ. ಕೈಗುಣ ಅನ್ನೋದೇ ಇಲ್ಲ ನಿಂಗೆ.' ಹೀಗೆ ಹೇಳಿ, ಸೂಟ್‌ಕೇಸಿನ ಜಿಪ್ಪು ಎಳೆದು ಹೋದವನು ಅವನು. ಅದು ಸುಳ್ಳೆಂದು ತನಗೆ ತಾನೇ ತೋರಿಸಿಕೊಳ್ಳಲು ಅವಳು ಇಲ್ಲಿ ಸೇರಿದ್ದಳು. ಈಗ ಹತ್ತು ಜನರ ಮುಂದೆ ಅದು ನಿಜವಾಗಿತ್ತು. ಈ ಕೈಯನ್ನು ಇನ್ನು ಯಾರು ನಂಬುತ್ತಾರೆ... ತಾನೇ ನಂಬದ ಮೇಲೆ?

"ಒಂದ್ನಿಮಿಷ..." ಹಿಂದಿನಿಂದ ಅವನೇ ಬಂದಿದ್ದ, ಬನಿಯನ್ನಿನ ಮೇಲೆ ಅಂಗಿ ಏರಿಸಿಕೊಳ್ಳುತ್ತ. "ಕ್ಷಮಿಸಿ. ನಾನು ಮೊದ್ಲೇ ಹೇಳ್ಬೇಕಿತ್ತು."

"ಯಾವಾಗ? ಮುಷ್ಟಿಯಷ್ಟಿದೆ ಅಂದಾಗ್ಲಾ, ಗಟ್ಟಿ ಇದೆ ಅಂದಾಗ್ಲಾ?"

ಅವನು ತಲೆ ತಗ್ಗಿಸಿ ಅಂಗಿಯ ಗುಂಡಿ ಹಾಕಿಕೊಂಡ. ಅದೇ ಅವಳ ಪಿತ್ತ ನೆತ್ತಿಗೇರಿಸಿತು.

"ಅಕ್ಕ ಗಾಳ ಹಾಕೋದು, ತಮ್ಮ ಎರೆಹುಳ ಆಗೋದು. ಚೆನ್ನಾಗಿದೆ ಮನೆತನ. ಕಿಡ್ನಿ ಒಂದೇ ಅಲ್ಲ, ನಿಮ್ಗೆ ಬೆನ್ನುಮೂಳೇನೂ ಇಲ್ಲ." ಸಾಲದೆಂಬಂತೆ ಎರಡು ಮೆಟ್ಟಿಲು ಇಳಿದು ತಿರುಗಿ ಕೇಳಿದಳು, "ಎಷ್ಟಕ್ಕೆ ಮಾರ್ಕೊಂಡ್ರಿ ಅದನ್ನ?"

ಅವನ ಮುಖ ಬಿಳಿಚಿಕೊಂಡಿತು. ಹಿಂದೆ ಸರಿದು ಗೋಡೆಗೆ ಒರಗಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳಿಗೋ, ಆ ಗಳಿಗೆಯಲ್ಲಿ ಖುಷಿಯೇ ಆಯಿತು. ತನಗಾದ ಗಾಯಕ್ಕೆ ಇನ್ನೊಬ್ಬರನ್ನು ಗಾಯ ಮಾಡಿದಾಗ ಆಗುವ ಕೆಟ್ಟ ಖುಷಿ. ಬೀದಿಯ ತಿರುವು ದಾಟುವಷ್ಟರಲ್ಲಿ ಅದೂ ಇಳಿದುಹೋಯಿತು.

ಮರುದಿನ ಅವಳು ಬರುವುದಿಲ್ಲವೆಂದು ಪೀಟಿ ಮೇಷ್ಟ್ರು ಪಂಥ ಕಟ್ಟಿದ್ದರಂತೆ. ಅವಳು ಬಂದಳು. ಹಟವೊಂದೇ ಅವಳ ತವರಿನವರು ಕೊಟ್ಟು ಕಳಿಸಿದ್ದ ಆಸ್ತಿ.

ಮೇಡಂ ಅದಕ್ಕೂ ಶಿಕ್ಷೆ ಸಿದ್ಧ ಮಾಡಿಟ್ಟಿದ್ದರು. "ಇವಳಿಗೆ ಲಿವರೂ ಬೇಡ, ಹೊಟ್ಟೆಚೀಲಾನೂ ಬೇಡ. ನನ್ನ ತಮ್ಮನ ಎಡಗಡೆ ಕೂತಿರ್ಲಿ. ಇಲ್ಲ ಅನ್ನೋದು ಹೇಗಿರುತ್ತೆ ಅಂತ ಕೈಗೆ ಗೊತ್ತಾಗ್ಲಿ."

ಹೀಗೆ ಉಳಿದವರು ಒಂದೊಂದೇ ಅಂಗ ಕಲಿಯುತ್ತ ಮುಂದೆ ಹೋದರು. ಅವಳು ತರಗತಿ ತರಗತಿಗೂ ಅದೇ ಮೇಜಿನ ಪಕ್ಕ, ಅದೇ ಸ್ಟೂಲಿನ ಮೇಲೆ, ಅದೇ ಜಾಗದಲ್ಲಿ ಕೈಯಿಟ್ಟು ಕೂತಳು. ಅವನು ಕೆಳಗಿನ ಸಂದಿನಲ್ಲಿ ಬೀಗ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಅಕ್ಕ ಕಿಟಕಿಯಿಂದ "ತಮ್ಮಾ" ಎಂದರೆ ಸಾಕು, ಕೈಗೆ ಮೆತ್ತಿದ ಗ್ರೀಸು ಒರೆಸಿಕೊಂಡು ಬಂದು ಮಲಗುತ್ತಿದ್ದ. ಇಬ್ಬರೂ ಮಾತಾಡುತ್ತಿರಲಿಲ್ಲ.

ಮಾತಿಲ್ಲದಿದ್ದರೂ ಕೈ ಸುಮ್ಮನಿರಬೇಕಲ್ಲ... ಅವಳಿಗೆ ತಿಳಿಯತೊಡಗಿತು. ಮೇಡಂ ಹತ್ತಿರ ಬಂದರೆ ಅವನ ಹೊಟ್ಟೆ ಬಿಗಿಯುತ್ತದೆ. ಪೀಟಿ ಮೇಷ್ಟ್ರು ಜೋಕು ಹೇಳಿದರೆ ತುಟಿ ನಗುತ್ತದೆ, ಹೊಟ್ಟೆ ನಗುವುದಿಲ್ಲ. ತಾನು ಬಂದು ಸ್ಟೂಲು ಎಳೆದ ಸದ್ದಾದರೆ ಮಾತ್ರ ಅವನ ಉಸಿರು ನಿಧಾನವಾಗಿ ಕೆಳಗಿಳಿದು ಅಂಗೈ ತುಂಬುತ್ತದೆ. 'ಇದೂ ನನ್ನ ಭ್ರಮೆಯೇ?' ಎಂದು ಅವಳು ಕೇಳಿಕೊಂಡಳು. ಈ ಕೈ ಒಮ್ಮೆ ಇಲ್ಲದ್ದನ್ನು ಇದೆ ಎಂದ ಕೈ.

"ಏನು ಸಿಕ್ತು ಇವತ್ತು? ಇನ್ನೊಂದು ಕಿಡ್ನಿ ಹುಟ್ತಾ?" ಎಂದರು ಮೇಡಂ ಒಂದು ದಿನ.

ನಗು ಏಳುವ ಮೊದಲೇ ಅವಳೆಂದಳು, "ಏನೋ ಇದೆ ಮೇಡಂ. ಹೆಸರು ಗೊತ್ತಿಲ್ಲ."

ಮೇಡಂ ಅವಳನ್ನು ಒಂದು ಗಳಿಗೆ ಹೆಚ್ಚೇ ನೋಡಿದರು. ಆಮೇಲೆ ಮುಂದಿನ ಮೇಜಿಗೆ ಹೋದರು.

ಜೊತೆಗೆ ಕಲಿಯುತ್ತಿದ್ದ ನರ್ಸಕ್ಕ ಆವತ್ತು ಊಟದ ಡಬ್ಬಿ ತೆರೆಯುತ್ತ ಪಿಸುಗುಟ್ಟಿದಳು. "ನೀನು ಸುಳ್ಳು ಹೇಳಿರ್ಲಿಲ್ಲ ಕಣೆ. ಕಿಡ್ನಿ ತೆಗೆದ್ರೆ ಆ ಜಾಗ ಖಾಲಿ ಬಿದ್ದಿರಲ್ಲ. ಪಕ್ಕದ ಕರುಳು ಬಂದು ಕೂತ್ಕೊಳ್ಳುತ್ತೆ. ಉಸಿರಿಗೆ ಅದೂ ಅಲ್ಲಾಡುತ್ತೆ. ನಿನ್ನ ಕೈ ಸರಿ ಇತ್ತು, ಬಾಯಿ ಪಾಠ ಒಪ್ಪಿಸ್ತು."

"ಮೇಡಂಗೆ ಇದು ಗೊತ್ತಿಲ್ವಾ?"

"ಗೊತ್ತಿಲ್ದೆ ಏನು. ಗೊತ್ತಿರೋದ್ರಿಂದಾನೇ ಅಲ್ಲಿ ಹಳ್ಳ ತೋಡಿರೋದು."

ಅವಳ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. "ತೆಗೆದ ಕಿಡ್ನೀನ ಇನ್ನೊಬ್ರಿಗೆ ಹಾಕಿದ್ರೆ ಅದೇ ಜಾಗದಲ್ಲಿ ಇಡ್ತಾರಾ?"

"ಇಲ್ಲಪ್ಪ. ಮುಂದೆ, ಕೆಳಹೊಟ್ಟೇಲಿ, ಚರ್ಮದ ಹತ್ರಾನೇ. ನಮ್ಮ ವಾರ್ಡಲ್ಲಿ ಎಷ್ಟೋ ನೋಡಿದೀನಿ. ಯಾಕೆ?"

"ಸುಮ್ನೆ ಕೇಳ್ದೆ" ಎಂದಳು. ಸುಮ್ಮನೆಯೇ ಕೇಳಿದ್ದಳು, ನಿಜವಾಗಿ.

ಸಂಜೆ ಜಿಮ್ಮಿನ ಲಾಕರಿನ ಕೆಟ್ಟ ಬೀಗ ಹಿಡಿದು ಅವಳು ಸಂದಿನ ಅಂಗಡಿಗೆ ಹೋದಳು. ಬೀಗ ಕೆಟ್ಟದ್ದು ಹೋದ ವರ್ಷ. ರಿಪೇರಿಗೆ ಪುರುಸೊತ್ತಾದದ್ದು ಈಗ!

ಅವನು ಸಣ್ಣ ತಂತಿ ತೂರಿಸಿ, ಕಣ್ಣು ಮುಚ್ಚಿ, ಬೆರಳಲ್ಲೇ ಒಳಗನ್ನು ಹುಡುಕಿದ.

"ಕಣ್ಣು ಮುಚ್ಚಿ ಕೆಲ್ಸ ಮಾಡ್ತೀರಲ್ಲ" ಎಂದಳು.

"ಕಣ್ಣಿಗೆ ಅವಸರ ಜಾಸ್ತಿ."

ಬೀಗ ಟಕ್ಕೆಂದು ಬಿಚ್ಚಿತು. ಅವಳು ಕ್ಷಮೆ ಕೇಳಲು ಬಂದಿದ್ದಳು. ಬಾಯಿಗೆ ಬಂದದ್ದು ಬೇರೆ. "ಅಕ್ಕ ಕರೆದ ತಕ್ಷಣ ಬಂದು ಮಲಗ್ತೀರಲ್ಲ, ಬೇಡ ಅನ್ನೋಕೆ ಬಾಯಿಲ್ವಾ?"

"ಅಪ್ಪ ಅಮ್ಮ ಹೋದ್ಮೇಲೆ ಎತ್ತಿ ಆಡ್ಸಿದ್ದು ಅವಳೇ. ನನ್ನ ಓದು, ಈ ಅಂಗಡಿ, ಎಲ್ಲಾ ಅವಳದ್ದೇ. ನಂಗೋಸ್ಕರ ಮದ್ವೆ ಕೂಡ ಆಗ್ಲಿಲ್ಲ ಅವಳು." ಅವನು ಬೀಗಕ್ಕೆ ಎಣ್ಣೆ ಬಿಟ್ಟ. "ಬೇಡ ಅನ್ನೋದು ಹೇಗೆ, ನೀವೇ ಹೇಳ್ಕೊಡಿ. ಬೈಯೋದು ನಿಮ್ಗೆ ಚೆನ್ನಾಗಿ ಬರುತ್ತೆ."

ಅವಳು ನಕ್ಕುಬಿಟ್ಟಳು. ಅವನೂ ನಕ್ಕ. ಅಂದಿನಿಂದ ಆ ಜಿಮ್ಮಿನಲ್ಲಿ ಬೀಗಗಳು ಒಂದೇ ಸಮನೆ ಕೆಡತೊಡಗಿದವು.

ಕತ್ತರಿಗೆ ಇದೆಲ್ಲ ಕಾಣದೆ ಇರುತ್ತದೆಯೇ? ಒಂದು ದಿನ ತರಗತಿಯ ನಡುವೆ, ಎಲ್ಲರೂ ಕೇಳುವ ಹಾಗೆ ಮೇಡಂ ಹೇಳಿದರು. "ತಮ್ಮಾ, ಇವಳು ಕೈಯಿಟ್ಟಿರೋದು ನಿನ್ನ ಮೇಲೆ ಮನಸ್ಸಾಗಿ ಅಂದ್ಕೋಬೇಡ. ಪಾಸಾಗೋಕೆ ಇವಳಿಗಿರೋ ದಾರಿ ಅದೊಂದೇ. ಗಂಡನೇ ಕಿತ್ತೆಸೆದ ಕೈ ಅದು."

ಅವಳ ಅಂಗೈಯಡಿ ಹೊಟ್ಟೆ ಕಲ್ಲಾಯಿತು. ಅವನು ಏನಾದರೂ ಹೇಳುತ್ತಾನೆಂದು ಅವಳು ಕಾದಳು. ಒಂದು ಮಾತು... ಒಂದೇ ಒಂದು.

ಅವನು ಎದ್ದ. ಅಂಗಿ ತೊಟ್ಟ. ಅವಳ ಮುಖ ನೋಡದೆ ಕೆಳಗೆ ಹೋದ. ಆಮೇಲೆ ಮೇಲೆ ಬರಲೇ ಇಲ್ಲ. ಅಂಗಡಿಗೂ ಕದ ಹಾಕಿತ್ತು. 'ನಂಬಿಬಿಟ್ಟ' ಎಂದುಕೊಂಡಳು ಅವಳು. 'ಅಕ್ಕನ ಮಾತು ನಂಬಿಬಿಟ್ಟ. ಅವನ ಉಸಿರು ನನ್ನ ಕೈಗೆ ಹೇಳಿದ್ದೆಲ್ಲ ಮತ್ತೆ ನನ್ನ ಭ್ರಮೆಯೇ.' ಜಿಮ್ಮಿನಲ್ಲಿ ಯಾರದೋ ಭುಜ ಒತ್ತುತ್ತ ಅವಳು ಅತ್ತಳು. ಭುಜದವನು ಬೆವರು ಎಂದುಕೊಂಡ.

ಕೊನೆಯ ಪರೀಕ್ಷೆಗೆ ಆ ಮಹಡಿಯಲ್ಲಿ ಒಂದು ಪದ್ಧತಿಯಿತ್ತು. ಮೇಡಂ ತಾವೇ ಮೇಜಿನ ಮೇಲೆ ಮಲಗುತ್ತಿದ್ದರು. ಒಬ್ಬೊಬ್ಬರೂ ಬಂದು ಹೊಕ್ಕುಳಿನ ಮೇಲೆ ಹಗುರವಾಗಿ ಕೈಯಿಡಬೇಕು. ಒತ್ತಬಾರದು, ಹುಡುಕಬಾರದು. ದೇಹ ಕೈಯನ್ನು ಯಾವ ಕಡೆ ಎಳೆದುಕೊಳ್ಳುತ್ತದೋ ಅತ್ತ ಹೋಗಿ, ಏನಿದೆ ಎಂದು ಹೇಳಬೇಕು.

ಪೀಟಿ ಮೇಷ್ಟ್ರ ಕೈ ಲಿವರಿನತ್ತ ಹೋಯಿತು. ನರ್ಸಕ್ಕನ ಕೈ ಎದೆಗೂಡಿನ ಕೆಳಗೆ ನಿಂತಿತು. ಮೇಡಂ ಪ್ರತಿಯೊಬ್ಬರಿಗೂ ಒಂದೊಂದು ಕುಟುಕಿ ಕಳಿಸಿದರು.

"ಹಿಟ್ಟಿನಮ್ಮ. ಬಾ."

ಅವಳು ಕೈಯಿಟ್ಟಳು. ಬಾಗಿಲ ಹತ್ತಿರ ಹೆಜ್ಜೆ ಸಪ್ಪಳವಾಯಿತು. ನೋಡದೆಯೂ ಅವಳಿಗೆ ಗೊತ್ತಾಯಿತು, ಅವನೇ. ಪರೀಕ್ಷೆಯ ದಿನ ತಮ್ಮನೂ ಇರಬೇಕೆಂದು ಮೇಡಂ ಹೇಳಿಕಳಿಸಿದ್ದರಂತೆ, ಇವಳು ಸೋಲುವುದನ್ನು ಅವನೇ ಕಣ್ಣಾರೆ ಕಾಣಲೆಂದು.

ಅವಳು ಎಲ್ಲ ಬಿಟ್ಟಳು. ಪಾಠ, ಗಂಡ, ಪಾಸು, ಫೇಲು. ಕೈಯ ತೂಕ ಮಾತ್ರ ಉಳಿಯಿತು. ಕೈ ತಾನಾಗಿ ಸರಿಯಿತು... ಬಲಕ್ಕೆ, ಕೆಳಕ್ಕೆ, ಸೊಂಟದ ಮೂಳೆಯ ಒಳಬದಿಗೆ. ಅಲ್ಲಿ, ಚರ್ಮದ ಕೆಳಗೇ, ದುಂಡಗೆ ಏನೋ ಇತ್ತು. ಅಲ್ಲಿ ಇರಬಾರದಂಥದ್ದು.

ಮೇಡಂ ಥಟ್ಟನೆ ಅವಳ ಮಣಿಕಟ್ಟು ಹಿಡಿದರು. ಅಷ್ಟು ವರ್ಷಗಳಲ್ಲಿ ಯಾರ ಕೈಯೂ ಅಲ್ಲಿಗೆ ಹೋಗಿರಲಿಲ್ಲ.

ನರ್ಸಕ್ಕನ ಮಾತು ನೆನಪಾದದ್ದು ಆಗ. 'ಎಷ್ಟಕ್ಕೆ ಮಾರ್ಕೊಂಡ್ರಿ' ಎಂದಿದ್ದೆನಲ್ಲ ಅವನಿಗೆ...

"ಏನು ಸಿಕ್ತು?" ಮೇಡಂ ಕಣ್ಣು ಅವಳನ್ನೇ ಇರಿಯುತ್ತಿತ್ತು. ಅದರಲ್ಲಿ ಬೆದರಿಕೆಯಿತ್ತು, ಮೊದಲ ಸಲ ಸ್ವಲ್ಪ ಹೆದರಿಕೆಯೂ. "ಗೊತ್ತಿಲ್ಲ ಅನ್ನು. ಫೇಲು ಅಂತ ಬರೀತೀನಿ, ಹೋಗು. ಗೊತ್ತಿದ್ರೆ ಎಲ್ಲರಿಗೂ ಕೇಳೋ ಹಾಗೆ ಹೇಳು."

ಅವಳು ಬಾಗಿಲತ್ತ ನೋಡಿದಳು. ಅವನು ಬೇಡವೆಂದು ತಲೆಯಾಡಿಸಿದ. ಆ ಮುಖವನ್ನು ನೋಡಿದರೆ ಎಂಥವರೂ ಸುಮ್ಮನಾಗುತ್ತಿದ್ದರು. ಆದರೆ ಈಗ ಗೊತ್ತಿಲ್ಲ ಎಂದರೆ ಈ ಕೈ ಇನ್ನೆಂದೂ ತನ್ನದಾಗುವುದಿಲ್ಲ. ಅವನೂ ಸಾಯುವವರೆಗೆ ಆ ಮೇಜಿನಿಂದ ಏಳುವುದಿಲ್ಲ.

"ನಿಮ್ಮ ತಮ್ಮಂದು" ಎಂದಳು.

ಪೀಟಿ ಮೇಷ್ಟ್ರು ತಲೆ ತಗ್ಗಿಸಿದರು. ಮೇಡಂ ನಿಧಾನವಾಗಿ ಎದ್ದು ಕೂತು ಸೆರಗು ಸರಿಮಾಡಿಕೊಂಡರು. ಮುಖ ಸುಣ್ಣದಂತಾಗಿತ್ತು. ವಯಸ್ಸಾದವರಂತೆ ಕಂಡರು.

"ನೀನು ಹೇಳಿದ್ಯಾ ಇವಳಿಗೆ?" ಎಂದರು ತಮ್ಮನಿಗೆ.

"ಇಲ್ಲಕ್ಕ. ಯಾರಿಗೂ ಹೇಳಿಲ್ಲ. ನಿಂಗೆ ಮಾತು ಕೊಟ್ಟಿದ್ದೆನಲ್ಲ."

ಮೇಡಂ ಅವಳ ಕಡೆ ತಿರುಗಿದರು. "ಹಾಗಾದ್ರೆ ಕೈಗುಣ ಇದೆ ನಿಂಗೆ. ಪಾಸು. ಇನ್ನು ನನ್ನ ಕಣ್ಮುಂದೆ ಬರ್ಬೇಡ."

ಎಷ್ಟು ವರ್ಷ ಕಾದಿದ್ದ ಮಾತು! ಸಿಕ್ಕಿತು. ಆದರೆ ಅವಳಿಗೆ ಅದರ ರುಚಿ ನೋಡಲೂ ಆಗಲಿಲ್ಲ.

"ಅಕ್ಕ, ಇನ್ಮೇಲೆ ನಾನು ಮೇಜಿನ ಮೇಲೆ ಮಲಗಲ್ಲ" ಎಂದ ಅವನು. ದನಿ ನಡುಗುತ್ತಿತ್ತು, ಆದರೂ ಪೂರ್ತಿ ಹೇಳಿದ. "ಕರೀಬೇಡ."

ಮೇಡಂ ನಕ್ಕರು. "ಹೋಗು. ಇವಳ ಹಿಂದೇನೇ ಹೋಗು. ಎಲ್ಲಿ ಹೋದ್ರೂ ಅರ್ಧ ನನ್ನ ಹತ್ರಾನೇ ಇರುತ್ತೆ."

ಅವನು ಹೋದ. ಅವಳು ಹಿಂದೆಯೇ ಓಡಿ, ಅಂಗಡಿಯ ಕದ ಎಳೆದುಕೊಳ್ಳುವಷ್ಟರಲ್ಲಿ ಕಾಲಿಟ್ಟು ತಡೆದಳು.

"ಅಷ್ಟು ಜನರ ಮುಂದೆ ಹೇಳ್ಬೇಕಿತ್ತಾ?" ಎಂದ. ಮೊದಲ ಸಲ ಅವನ ಸಿಟ್ಟು ನೋಡಿದಳು. "ತಮ್ಮನ ಕಿಡ್ನಿಯಿಂದ ಬದುಕ್ತಿದೀನಿ ಅಂತ ಯಾರಿಗೂ ಗೊತ್ತಾಗ್ಬಾರ್ದು ಅಂತ ಅವಳು ಬೇಡ್ಕೊಂಡಿದ್ಲು. ನನ್ನ ಕಾಲು ಹಿಡ್ಕೊಂಡಿದ್ಲು, ಗೊತ್ತಾ? ಅವತ್ತಿಂದ ನನ್ನ ಮುಖ ಸರಿಯಾಗಿ ನೋಡಿಲ್ಲ. ಕೊಟ್ಟವನ ಮುಂದೆ ತಲೆ ಎತ್ತೋದು ಕಷ್ಟ. ಅವನನ್ನೇ ಕೆಳಗೆ ಮಲಗ್ಸಿದ್ರೆ ಸುಲಭ. ಅದು ನಂಗೆ ಅರ್ಥ ಆಗಿತ್ತು. ಅದಕ್ಕೇ ಮಲಗ್ತಿದ್ದೆ."

"ನಂಗೆ ಅರ್ಥ ಆಗಿರ್ಲಿಲ್ಲ." "ನಾನು ಕೆಟ್ಟವಳು. ಇವತ್ತೂ ಕೆಟ್ಟವಳಾದೆ, ಅವತ್ತು ಮೆಟ್ಟಿಲ ಮೇಲೂ ಆದೆ. ಎಷ್ಟಕ್ಕೆ ಮಾರ್ಕೊಂಡ್ರಿ ಅಂದೆ. ನಾಲಿಗೆ ಸೀಳ್ಕೊಂಡ್ರೂ ಹೋಗಲ್ಲ ಅದು. ಇವತ್ತು ಹೇಳಿದ್ದಕ್ಕೆ ಮಾತ್ರ ಕ್ಷಮೆ ಕೇಳಲ್ಲ. ನಿಮ್ಮನ್ನ ಆ ಮೇಜಿನ ಮೇಲೆ ಇನ್ನೊಂದು ದಿನ ನೋಡೋಕೆ ಆಗ್ತಿರ್ಲಿಲ್ಲ."

ಅವನು ಕದ ಬಿಟ್ಟು, ಅವಳು ಒಳಬರುವಂತೆ ಹಿಂದೆ ಸರಿದ. ಬೀದಿಯಲ್ಲಿ ಯಾರೋ ಶಟರ್ ಎಳೆದರು.

"ನೀವು ಆವತ್ತು ಎದ್ದು ಹೋದ್ರಲ್ಲ" ಎಂದಳು ಅವಳು ಮೆಲ್ಲಗೆ. "ನಾನು ಪಾಸಾಗೋಕೆ ಕೈಯಿಟ್ಟೆ ಅಂತ ನಂಬಿ..."

"ನಂಬ್ಲಿಲ್ಲ. ಇನ್ನೂ ಅಲ್ಲೇ ಇದ್ದಿದ್ರೆ ನನ್ನ ನೆಪದಲ್ಲಿ ನಿಮ್ಮನ್ನ ಇನ್ನೂ ಚುಚ್ತಿದ್ಲು. ಎದ್ದು ಹೋದೆ. ಬೆನ್ನುಮೂಳೆ ಇಲ್ಲದವನಿಗೆ ಅಷ್ಟೇ ಹೊಳೆದದ್ದು."

ಅವಳ ಕಣ್ಣು ತುಂಬಿತು. ಅವನು ಸ್ಟೂಲು ಅವಳತ್ತ ತಳ್ಳಿ, ತಾನು ಪೆಟ್ಟಿಗೆಯ ಮೇಲೆ ಕೂತ.

"ಒಂದು ಹೇಳ್ಲಾ? ಪ್ರತಿ ಬ್ಯಾಚಲ್ಲೂ ಅಲ್ಲಿ ಕೈಯಿಟ್ಟವರೆಲ್ಲ ಒಂದೇ ಥರ ಹೇಳಿದಾರೆ, ಸಿಕ್ತು ಅಂತ. ಎಲ್ಲರ ಮೇಲೂ ನಗು ಬರ್ತಿತ್ತು. ನೀವು ಹೇಳ್ದಾಗ..." ಅವನು ನೆಲ ನೋಡಿದ. "ಸುಳ್ಳು ಅಂತ ಗೊತ್ತಿತ್ತು. ಆದ್ರೂ ಒಂದು ಗಳಿಗೆ, ನಿಜವಾಗ್ಲೂ ಅಲ್ಲಿ ಏನೋ ಇದೆ ಅನ್ನಿಸ್ತು. ಅವತ್ತಿಂದ ಆ ಜಾಗ ನಿಮ್ಮ ಕೈಗೋಸ್ಕರ ಕಾಯುತ್ತೆ. ಪ್ರೀತಿ ಅಂದ್ರೆ ಇದೇನಾ ನಂಗೆ ಗೊತ್ತಿಲ್ಲ. ಬೇರೆ ಏನೂ ಇರೋಕೆ ಸಾಧ್ಯ ಇಲ್ಲ ಅನ್ಸುತ್ತೆ."

ಮೇಲಿನ ಮಹಡಿಯ ಕಿಟಕಿಯಿಂದ ಅಭ್ಯಾಸದಂತೆ ಒಂದು ದನಿ ಬಂತು. "ತಮ್ಮಾ..." ಅರ್ಧಕ್ಕೇ ನಿಂತಿತು. ಅವನು ಅಭ್ಯಾಸದಂತೆಯೇ ಅರ್ಧ ಎದ್ದ. ಆಮೇಲೆ ಕೂತ. ಕೂರುವಾಗ ಅವನಿಗೆ ಎಷ್ಟು ನೋವಾಯಿತೆಂದು ಅವಳಿಗೆ ಕೈಯಿಡದೆಯೇ ತಿಳಿಯಿತು. ಕೆಲವು ಸಂಬಂಧಗಳನ್ನು ಸಡಿಲಿಸುವ ವಿದ್ಯೆ ಯಾವ ಮೇಡಮ್ಮನ ಹತ್ತಿರವೂ ಇರುವುದಿಲ್ಲ.

"ಸಂಜೆ ಹೋಗಿ ನೋಡ್ಬೇಕು" ಎಂದ. "ಮಾತ್ರೆ ಮರೀತಾಳೆ."

"ಹೋಗಿ. ಬಾಗಿಲು ತೆಗೀದಿದ್ರೂ ಹೋಗಿ. ನಾನು ಹೊರಗೆ ನಿಂತಿರ್ತೀನಿ."

"ಮಳೆ ಬಂದ್ರೆ?"

"ನೆನೀತೀನಿ. ಮಾಡಿದ್ದುಣ್ಣೋ ಮಾರಾಯ್ತಿ ಅಂತ."

ಅವನು ನಕ್ಕ. ಕಣ್ಣಲ್ಲಿ ನೀರಿತ್ತು, ಮರೆಮಾಡಲಿಲ್ಲ. ಅವಳು ಸ್ಟೂಲನ್ನು ಹತ್ತಿರ ಎಳೆದುಕೊಂಡು ಕೈ ಎತ್ತಿದಳು. ಗಾಳಿಯಲ್ಲೇ ತಡೆದಳು. ಈ ಕೈ ಒಬ್ಬಳನ್ನು ಬಯಲಿಗೆಳೆದು ಇನ್ನೂ ಒಂದು ಗಂಟೆಯಾಗಿರಲಿಲ್ಲ.

"ಎಲ್ಲಿ ಇಡ್ಲಿ?"

"ಎಲ್ಲಾದ್ರೂ ಇಡು" ಎಂದ ಅವನು, ಮೊದಲ ಸಲ ಏಕವಚನದಲ್ಲಿ. "ಏನೂ ಹುಡುಕ್ಬೇಡ, ಅಷ್ಟೇ."